ಅವ್ವ ಇಟ್ಟ ಗೀರು

ಆಫ್ರಿಕಾದ ಟೋಗೋ ದೇಶದ ಗುಡ್ಡದ ಮೇಲಿನ ನಮ್ಮೂರಲ್ಲಿ ಬೋರ್ಡು ಬರೆಯೋನು ಅಂದ್ರೆ ಅಕೊಡಾ ಒಬ್ಬನೇ. ಕ್ಷೌರದಂಗಡಿಯಿಂದ ಸಮಾಧಿಯವರೆಗೆ ಎಲ್ಲಕ್ಕೂ ಅವನದೇ ಕೈ, ಎಲ್ಲವೂ ಫ್ರೆಂಚಿನಲ್ಲಿ. ಚರ್ಚಿನ ಹಿಂದೆ ನಮ್ಮ ನುಡಿ ಬರೆಯೋದು ಕಲಿಸೋಕೆ ಶುರುಮಾಡಿದಾಗ ಈ ಪುಣ್ಯಾತ್ಮ ಅತ್ತ ತಲೆ ಹಾಕಲಿಲ್ಲ. "ಮುದುಕಿಯರ ಜೊತೆ ಕೂತು ನಾನು ಅಕ್ಷರ ತಿದ್ದಲಾ?" ಅಂತ ನಕ್ಕ. ಆ ಮುದುಕಿಯರಲ್ಲಿ ಅವನ ಹೆತ್ತವ್ವ ಫಿಲೋಮೆನ್ ಕೂಡ ಒಬ್ಬಳು. ಗೊತ್ತಿದ್ದೂ ನಕ್ಕ!

ಸಾಯೋ ಮುಂಚೆ ಅವಳು ನಮ್ಮ ನುಡೀಲಿ ತಾನೇ ಬರೆದ ಚೀಟಿಯೊಂದನ್ನ ಅವನ ಕೈಗೆ ಕೊಟ್ಟಳು. "ಸಮಾಧಿ ಮೇಲೆ ಇದನ್ನ ಬರಿ ಮಗಾ, ಇದ್ದ ಹಾಗೇ ಬರಿ. 'ಹೊಟ್ಟೆ ತುಂಬಿದೆ' ಅಂತ ಬರ್ದಿದೀನಿ. ಮಗ ಚೆನ್ನಾಗಿ ನೋಡ್ಕೊಂಡ ಅಂತ ಊರಿಗೆ ಗೊತ್ತಾಗ್ಲಿ."

ಅಕ್ಷರಗಳ ತಲೆ ಮೇಲೆಲ್ಲ ಸಣ್ಣ ಸಣ್ಣ ಗೀರು. ಪಾಪ, ಅವ್ವನ ಕೈ ನಡುಗಿದೆ ಅಂದುಕೊಂಡ ಅಕೊಡಾ. ಅಕ್ಷರಗಳನ್ನಷ್ಟೇ ಇಳಿಸಿ ಗೀರು ಬಿಟ್ಟ. ಬಿಳಿ ಸಿಮೆಂಟಿನ ಮೇಲೆ ಮುತ್ತು ಪೋಣಿಸಿದ ಹಾಗೆ ಬಂತು.

ಸಮಾಧಿ ತೋರಿಸೋ ದಿನ ಊರೇ ಸೇರಿತ್ತು. ಹಿರಿಯರು ಸತ್ತವರ ಹೆಸರಲ್ಲಿ ನೆಲಕ್ಕೆ ಹೆಂಡ ಸುರಿದು, ಸಮಾಧಿಗೆ ಹೊದಿಸಿದ್ದ ಬಟ್ಟೆ ಸರಿಸಿದರು. ಅಕ್ಕನ ಜೊತೆಗೇ ಓದು ಕಲಿತಿದ್ದ ಚಿಕ್ಕವ್ವ ಒನೋರಿನ್ ಬೆರಳಿಟ್ಟು ಗಟ್ಟಿಯಾಗಿ ಓದಿದಳು:

"ಹಸ್ಕೊಂಡಿದೀನಿ."

ಹಿಂದಿನಿಂದ ಯಾರೋ, "ಅಯ್ಯೋ, ಮಗ ಇದ್ದೂ ಹೊಟ್ಟೆಗೆ ಹಾಕ್ಲಿಲ್ವಾ?" ಅಂದರು.

"ನೀನು ತಪ್ಪು ಓದ್ದೆ ಚಿಕ್ಕವ್ವಾ!" ಅಂತ ಅಕೊಡಾ ಕೂಗಿದ.

"ಬರೆದಿದ್ದನ್ನೇ ಓದಿದೀನಿ ಕಣೋ. ನಮ್ಮ ನುಡೀಲಿ ಎರಡಕ್ಕೂ ಅಕ್ಷರ ಒಂದೇ; ದನಿ ಏರಿಸಿದ್ರೆ ಹೊಟ್ಟೆ ತುಂಬುತ್ತೆ, ಏರಿಸದಿದ್ರೆ ಹಸಿವು. ನಿನ್ನ ನಾಲಿಗೆಗೆ ಗೊತ್ತು, ಕುಂಚಕ್ಕೆ ಗೊತ್ತಿಲ್ಲ. ಏರಿಸೋ ಗೀರು ಎಲ್ಲೋ?"

ಅಕೊಡಾ ಜೇಬಿನಿಂದ ಚೀಟಿ ತೆಗೆದ. ಗೀರುಗಳೆಲ್ಲ ಅದರದರ ಜಾಗದಲ್ಲೇ ಇದ್ದವು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಅವ್ವ ತಪ್ಪಿಲ್ಲದೆ ಬರೆದಿದ್ದಳು. ಅಕ್ಷರ ಬಲ್ಲೆ ಅಂತ ಮೆರೆದವನು ಅವ್ವನನ್ನೇ ತಿದ್ದಿದ್ದ.

ಕುಂಚ ತಂದು ಎಲ್ಲರೆದುರು ಮಂಡಿಯೂರಿದ. ನಾಚಿಕೆಗೆ ಕೈ ನಡುಗಿ ಗೀರುಗಳು ಸೊಟ್ಟಗೆ ಬಂದವು, ಥೇಟ್ ಅವ್ವನ ಚೀಟಿಯಲ್ಲಿದ್ದ ಹಾಗೆ.

ಒನೋರಿನ್ ಮತ್ತೆ ಓದಿದಳು, "ಹೊಟ್ಟೆ ತುಂಬಿದೆ." ಜನ ತಲೆದೂಗಿ ಊಟಕ್ಕೆ ಎದ್ದರು.

"ಬಾರೋ, ಉಣ್ಣು" ಅಂತ ಚಿಕ್ಕವ್ವ ಕರೆದಳು. ಅಕೊಡಾ ಏಳಲಿಲ್ಲ. ಆವತ್ತು ಅವನು ಒಂದು ತುತ್ತೂ ಉಣ್ಣಲಿಲ್ಲ.