ಅರ್ಥ ಕೇಳುವ ಮಾಸ್ತರು
ನಮ್ಮ ಬೆಟಗೇರಿಯ ಯೋಗದ ಮಾಸ್ತರು ಶ್ರೀಪಾದರಾಯರ ಮುಂದೆ ಆಸನದ ಅರ್ಥ ಹೇಳದೆ ಯಾರೂ ಮೈ ಬಗ್ಗಿಸುವಂತಿಲ್ಲ. ಬೆಳಗಿನ ಚಳಿಯಲ್ಲಿ ಚಾಪೆ ಹಾಸಿ ಕೂತವರಿಗೆ ಮೊದಲು ಸಂಸ್ಕೃತದ ಪಾಠ. "ಶಲಭ ಅಂದ್ರ ಏನ್ರಿ? ಮಿಡತಿ. ಜ್ವಾಳದ ಹೊಲದಾಗ ನೋಡಿಲ್ಲೇನು? ಅದನ್ನ ನೆನಸ್ರಿ, ಕಾಲು ತಾವ ಏಳತಾವ" ಎನ್ನುತ್ತಾರೆ. ಕಾಲು ಏಳದಿದ್ದರೆ ಕ್ಷಮೆಯುಂಟು, ಅರ್ಥ ತಪ್ಪಿದರೆ ಇಲ್ಲ. "ಅರ್ಥ ತಿಳೀಲಾರದ ಆಸನ ಬರೇ ಕಸರತ್ತು" ಎಂಬುದು ಅವರ ಖಾಯಂ ಮಾತು. ಹೊಂಬಳದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ನನಗೂ ಒಮ್ಮೆ, ತಾಡಾಸನದ ತಾಡ ಯಾವ ಮರವೆಂದು ಎಲ್ಲರೆದುರು ಕೇಳಿದ್ದರು. ಕೊನೆಯ ಶವಾಸನಕ್ಕೆ ಅಂಗಾತ ಮಲಗಿದಾಗ, "ಶವ ಅಂದ್ರ ಹೆಣ. ಹೆಣ ಎಲ್ಲ್ಯರ ಕೆಮ್ಮತೈತೇನು?" ಎಂದು ಗದರುತ್ತಾರೆ. ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಮೋತಿಬಿ. ಗಂಡ ತೀರಿಕೊಂಡ ಮೇಲೆ ಇದ್ದತ್ತಿನ ಶೋಕದ ತಿಂಗಳುಗಳನ್ನು ಮನೆಯೊಳಗೇ ಕಳೆದು ಅವಳು ಮತ್ತೆ ಬಂದ ದಿನ ಮಾತ್ರ ಮಾಸ್ತರು ಆ ಆಸನದ ಹೆಸರನ್ನೇ ಎತ್ತಲಿಲ್ಲ. "ಆತು, ಎಲ್ಲಾರೂ ಸುಮ್ನ ಮಲಕೊಳ್ರಿ" ಎಂದು ಕಿಟಕಿಯ ಕಡೆ ತಿರುಗಿಬಿಟ್ಟರು. ಮೋತಿಬಿ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಹೆಸರ ಹೇಳ್ರಿ ಮಾಸ್ತರ. ಇಷ್ಟ ದಿನ ಬರೇ ನಕ್ಕೇನ್ರಿ. ಈಗ ಅರ್ಥ ಆಗೇತಿ."