ಟೈಲರಮ್ಮನಿಗೆ ಬೇಕಾದ ಗಿರಾಕಿ

ಲಕ್ವ ಹೊಡೆದು ಬಲಗೈ, ಬಲಗಾಲು ಸೋತ ಮೇಲೆ ನಮ್ಮ ಬೀದಿಯ ಟೈಲರಮ್ಮನ ಬಾಯಿ ಇನ್ನೂ ಜೋರಾಗಿದೆ. ಅವರು ಮೋಟಾರು ಹಾಕಿಸಿದ ಹೊಲಿಗೆ ಯಂತ್ರವನ್ನು ಎಡಗಾಲಲ್ಲಿ ಓಡಿಸುತ್ತಾರೆ, ಬಟ್ಟೆ ಜಾರದಂತೆ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಡುತ್ತಾರೆ, ಸೂಜಿಯನ್ನು ಸೋಪಿಗೆ ಚುಚ್ಚಿ ನಿಲ್ಲಿಸಿ ಒಂದೇ ಕೈಯಲ್ಲಿ ದಾರ ಪೋಣಿಸುತ್ತಾರೆ. ಯಾರಾದರೂ ಎಬ್ಬಿಸಲು ಹೋದರೆ, "ಕೈ ಹಿಡೀಬೇಡಪ್ಪಾ, ದಾರಿ ಬಿಡು" ಅನ್ನುತ್ತಾರೆ. "ನಮ್ಮನೇಲಿ ಆರಾಮಾಗಿರು ಬಾ" ಎಂದು ಕರೆಯಲು ಬಂದ ತಮ್ಮನ ಹೊಟ್ಟೆಯ ಮೇಲೆ ಟೇಪು ಹಿಡಿದು, "ಆರಾಮು ನಿನಗೇ ಜಾಸ್ತಿಯಾಗಿದೆ ಕಣೋ" ಎಂದು ವಾಪಸು ಕಳಿಸಿದವರು. ಇಂಥವರನ್ನೂ ಮೂಲೆಗೆ ಕೂರಿಸುವ ಕಲೆ ನಮಗೆ ಗೊತ್ತು. ಹೊಲಿದ ತೋಳು ಸೊಟ್ಟಗಿದ್ದರೂ "ಪಾಪ, ಹೋಗಲಿ" ಎಂದು ಸುಮ್ಮನೆ ನಗುತ್ತೇವೆ, ಮುಂದಿನ ಬಟ್ಟೆಯನ್ನು ಬೇರೆ ಅಂಗಡಿಗೆ ಕೊಡುತ್ತೇವೆ. ನಮ್ಮ ಕನಿಕರಕ್ಕಿಂತ ಲಕ್ವವೇ ವಾಸಿ, ಅದು ಅರ್ಧ ಮೈಯನ್ನಾದರೂ ಬಿಟ್ಟುಹೋಯಿತು. ಮೊನ್ನೆ ಎದುರುಮನೆಯ ಜಗಳಗಂಟಿ ಹೆಂಗಸು ಬಂದು ಗಂಡನ ಅಂಗಿಯನ್ನು ಮೇಜಿನ ಮೇಲೆ ಎಸೆದು, "ಏನ್ರೀ ಇದು, ತೋಳೋ ಚೀಲವೋ? ಬಿಚ್ಚಿ ಹೊಲೀರಿ" ಎಂದರು. ಅಲ್ಲಿದ್ದವರೆಲ್ಲ ನಾಲಿಗೆ ಕಚ್ಚಿಕೊಂಡೆವು. ಟೈಲರಮ್ಮನ ಮುಖ ಮಾತ್ರ ಅರಳಿತು. ಎಡಗಾಲಿನಿಂದಲೇ ಸ್ಟೂಲನ್ನು ಮುಂದಕ್ಕೆ ತಳ್ಳಿ, "ಕೂತ್ಕೊಳ್ಳಿ, ಈಗಲೇ ಬಿಚ್ತೀನಿ. ಕಾಯಿಲೆ ಬಿದ್ದ ಮೇಲೆ ನನ್ನ ಹೊಲಿಗೇನ ಬೈದೋರು ನೀವೊಬ್ರೇ" ಎಂದರು.