ಹೊಗೆಯಲ್ಲಿ ಚಪ್ಪಲಿ ಹುಡುಕಾಟ

ಕಳೆದ ವರ್ಷದ ಆಯುಧಪೂಜೆಯ ದಿನ. ಪೀಣ್ಯದಲ್ಲಿ ನಮ್ಮವರು ಕೆಲಸ ಮಾಡುವ ಕಾರ್ಖಾನೆಗೆ ಅತ್ತೆಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಆ ದಿನ ಅಲ್ಲಿ ಮನೆಮಂದಿಗೆಲ್ಲ ಆಹ್ವಾನ. ಪೂಜೆ, ಊಟ ಎಲ್ಲ ಮಹಡಿಯ ಹಾಲ್‌ನಲ್ಲಿ. ದೇವರ ಫೋಟೊ ಇಟ್ಟಿದ್ದರಿಂದ ಎಲ್ಲರೂ ಚಪ್ಪಲಿಯನ್ನು ಬಾಗಿಲಾಚೆ, ಹೊರಮೆಟ್ಟಿಲ ಬಳಿಯೇ ಬಿಟ್ಟಿದ್ದೆವು.

ಮಂಗಳಾರತಿ ಮುಗಿದು ಕಡ್ಲೆಪುರಿ ಹಂಚುತ್ತಿದ್ದಾಗ ಫೈರ್ ಅಲಾರಂ ಬಡಿದುಕೊಳ್ಳತೊಡಗಿತು. "ಧೂಪದ್ ಹೊಗೆಗೆ ಕಣ್ರೀ, ಪ್ರತಿ ವರ್ಷ ಇದೇ ಗೋಳು. ಕೂತ್ಕೊಳ್ಳಿ," ಎಂದರು ಮ್ಯಾನೇಜರ್. ಎಲ್ಲರೂ ನಕ್ಕೆವು. ನಾನು ಮಗಳ ಕೈಗೆ ಇನ್ನೊಂದಿಷ್ಟು ಪುರಿ ಸುರಿದೆ. ಆಮೇಲೆ ಮೂಗಿಗೆ ಬಡಿದದ್ದು ಧೂಪವಲ್ಲ, ವೈರು ಸುಟ್ಟ ವಾಸನೆ. ಕಿಟಕಿಯಿಂದ ಕಪ್ಪು ಹೊಗೆ ಒಳಗೆ ನುಗ್ಗಿತು. "ಕೆಳಗಡೆ ಬೆಂಕಿ!" ಎಂದು ಯಾರೋ ಕೂಗಿದರು.

ಎದ್ದು ಓಡಿದೆವು, ನಿಜ. ಆದರೆ ಬಾಗಿಲಲ್ಲೇ ಸಿಕ್ಕಿಕೊಂಡೆವು. ಮುಂದಿದ್ದವರೆಲ್ಲ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು!

"ಅದು ನಂದು ಸಾರ್, ಬ್ರೌನ್ ಕಲರ್ದು."

"ಇನ್ನೊಂದ್ ಕಾಲಿಂದು ಎಲ್ಲೋಯ್ತು?"

ಸೊಂಟದ ಮೇಲಿದ್ದ ಮಗಳು ಕೆಮ್ಮಿ ಕೆಮ್ಮಿ ಉಸಿರಿಗೆ ಒದ್ದಾಡುತ್ತಿದ್ದಳು. "ಜಾಗ ಬಿಡಿ, ಮಗು ಇದೆ!" ಎಂದು ಅರಚಿದೆ. ಯಾರೂ ತಲೆ ಎತ್ತಲಿಲ್ಲ. ವಿಚಿತ್ರವೆಂದರೆ, ಅರಚುತ್ತಲೇ ನನ್ನ ಕಣ್ಣೂ ನನ್ನ ಚಪ್ಪಲಿಯನ್ನು ಹುಡುಕುತ್ತಿತ್ತು. ನನಗೇನಾಗಿತ್ತೋ ದೇವರೇ ಬಲ್ಲ.

ಅಷ್ಟರಲ್ಲಿ ನನಗಿಂತ ಮುಂದಿದ್ದ ಅತ್ತೆ ಕೈಗೆ ಸಿಕ್ಕ ಚಪ್ಪಲಿ, ಶೂಗಳನ್ನೆಲ್ಲ ಬಾಚಿ ಮೆಟ್ಟಿಲ ಕಂಬಿಯಾಚೆ ಅಂಗಳಕ್ಕೆ ಎಸೆಯತೊಡಗಿದರು. ಅವರು ಆನೇಕಲ್ ಕಡೆಯವರು, ಗಂಟಲು ದೊಡ್ಡದು. "ಓಗ್ರಪ್ಪ, ಎಲ್ಲಾ ಕೆಳಗ್ ಬಿದ್ದವೆ, ಎತ್ಕಳ್ಳಿ ಓಗಿ!"

ಜನ ಬೈದುಕೊಳ್ಳುತ್ತಲೇ ದಡದಡ ಇಳಿದು ತಂತಮ್ಮ ಚಪ್ಪಲಿಯ ಹಿಂದೆ ಓಡಿದರು. ಬಾಗಿಲು ತೆರವಾಯಿತು. ಅಂಗಳದ ಗಾಳಿಗೆ ಮಗಳು ಜೋರಾಗಿ ಅತ್ತಾಗ ನನಗೆ ಹೋದ ಜೀವ ಬಂತು. ಅಲಂಕಾರದ ದೀಪದ ಸರದಿಂದ ಬೆಂಕಿ ಹತ್ತಿತ್ತಂತೆ. ಊಟದ ಪಾತ್ರೆ ತರಲು ಮೊದಲೇ ಕೆಳಗಿಳಿದಿದ್ದ ನಮ್ಮವರೂ ಜೊತೆಯವರೂ ಸೇರಿ ಆರಿಸಿದರು.

ಮನೆಗೆ ಬರುವಾಗ ಆಟೋದಲ್ಲಿ ಕೇಳಿದೆ, "ಅತ್ತೆ, ಅಷ್ಟ್ ಗಾಬರೀಲೂ ನಿಮ್ಗೆ ಅದ್ ಹೇಗ್ ಹೊಳೀತು?"

"ಅಂಗೇನೂ ಒಳೀಲಿಲ್ಲ ಕಣವ್ವ. ನಂದು ಒಂದ್ ಕಾಲಿಂದು ಸಿಗ್ಲೇ ಇಲ್ಲ. ಸಿಟ್ ಬಂತು, ಎಲ್ಲಾರ್ದೂ ಎಸ್ದೆ," ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ. ಅಲಾರಂ ಕೇಳಿ ನಕ್ಕವರಲ್ಲಿ ಒಬ್ಬರಿಗೂ ಬುದ್ಧಿ ಓಡಲಿಲ್ಲ; ನನ್ನ ಮಗು ಉಳಿದದ್ದು ಅತ್ತೆಯ ಸಿಟ್ಟಿನಿಂದ. ಅವರಿಗೆ ಆ ಇನ್ನೊಂದು ಚಪ್ಪಲಿ ಸಿಕ್ಕಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಇಂದಿಗೂ ನನಗೆ ಧೈರ್ಯ ಸಾಲದು.